ಬಿಳಿ ಹಿನ್ನೆಲೆ

ಪಾಸ್‌ಪೋರ್ಟ್ ಫೋಟೊ ತೆಗೆಯುವುದರಲ್ಲಿ ‘ನಗಬೇಡಿ ಮಾಮ’ನನ್ನು ಮೀರಿಸುವವರು ಮೂರು ಲೋಕದಲ್ಲೂ ಇರಲಿಲ್ಲ. ಅವನ ಸ್ಟೂಲಿನ ಮೇಲೆ ಕೂರಿಸಿದರೆ ಹೆಣ ಕೂಡ ಬೆನ್ನು ನೆಟ್ಟಗೆ ಮಾಡಿ ಎರಡೂ ಕಿವಿ ತೋರಿಸುತ್ತಿತ್ತು. “ಗಲ್ಲ ಮೇಲೆ, ನಗಬೇಡಿ” ಎಂದು ಗದರಿದರೆ ಮೊಲೆ ಕುಡಿಯುವ ಕೂಸೂ ಜಡ್ಜ್ ಸಾಹೇಬರ ಮುಖ ಮಾಡುತ್ತಿತ್ತು. ಹಿಂದಿರುವುದನ್ನೆಲ್ಲ ಅಳಿಸಿ ಬಿಳಿ ಮಾಡಿ, ಸುಕ್ಕು ತೆಗೆದು, ಎಂಟು ಪ್ರಿಂಟು ಹೊಡೆದು, ಕ್ಯಾಮೆರಾ ಕಾರ್ಡನ್ನು ಖಾಲಿ ಮಾಡುವಷ್ಟರಲ್ಲಿ ಗಿರಾಕಿ ಇನ್ನೂ ಬಾಚಣಿಗೆ ಕೆಳಗಿಟ್ಟಿರುತ್ತಿರಲಿಲ್ಲ.

ಅವನ ಮಗಳು ಬೀದಿಯ ಗೋಡೆಗಳ ಮೇಲೆ ಚಿತ್ರ ಬರೆಯುತ್ತಿದ್ದಳು. ಅವಳು ಬರೆದ ಬೆಕ್ಕನ್ನು ಕಂಡು ಮೂರು ಓಣಿಯ ಇಲಿಗಳು ಗಂಟುಮೂಟೆ ಕಟ್ಟಿದ್ದವು. “ಬೀದಿಯದ್ದನ್ನ ಬೀದಿಗೇ ಬಂದು ನೋಡ್ಬೇಕು” ಎಂದು ಅಪ್ಪನಿಗೂ ಫೋಟೊ ತೆಗೆಯಲು ಬಿಟ್ಟಿರಲಿಲ್ಲ. ಒಂದು ವಾರ ಜ್ವರ ಬಂತು, ಹೋಗಿಬಿಟ್ಟಳು. ಇದಕ್ಕೆ ಉಪ್ಪುಖಾರ ಹಚ್ಚಲು ಏನೂ ಇಲ್ಲ.

ಅವಳ ಗೋಡೆಗಳನ್ನೆಲ್ಲ ಜಾಹೀರಾತು ನುಂಗಿತು. ಉಳಿದದ್ದು ಸೈಕಲ್ ಅಂಗಡಿಯ ಗೋಡೆಯೊಂದೇ: ಬಸ್ಸಿಗೆ ಕಾಯುವ ಜನ, ಅವರ ನಡುವೆ ಅವಳಮ್ಮ. ಸೊಂಟ ಮುರಿದು ಮಂಚ ಹಿಡಿದಿದ್ದ ಅಮ್ಮ ಅದನ್ನು ನೋಡಿಯೇ ಇರಲಿಲ್ಲ.

ಒಂದು ಬೆಳಗ್ಗೆ ಸೈಕಲ್ ಅಂಗಡಿಯವನು ಬಾಗಿಲಿಗೇ ಬಂದ. “ಮಾಮ, ಮಧ್ಯಾಹ್ನ ಸಿಮೆಂಟ್ ಕಂಪನಿಯವ್ರು ನಮ್ ಗೋಡೆಗೆ ಬಣ್ಣ ಹೊಡೀತಾರೆ. ಓನರ್ ಒಪ್ಪಿಬಿಟ್ಟಿದಾನೆ.”

ಒಳಗಿನಿಂದ ಹೆಂಡತಿ ಕೂಗಿದಳು: “ಊರವರ ಮೂತಿಯೆಲ್ಲ ತೆಗೀತೀರಿ. ನನ್ ಮಗಳು ಬರೆದದ್ದೊಂದು ತಂದು ತೋರಿಸ್ರೀ!”

“ತರ್ತೀನಿ ಕಣೇ. ಈ ಮನೆ ಗೋಡೆಗಳೇ ಸಾಲದಷ್ಟು ದೊಡ್ಡದು ತರ್ತೀನಿ.”

ಕ್ಯಾಮೆರಾ ಹಿಡಿದು ಹೊರಬಿದ್ದ. ಸ್ಟೂಲಿಲ್ಲದ ಬೀದಿಯನ್ನು ಅವನು ಮೊದಲ ಸಲ ನೋಡಿದ್ದು ಆ ದಿನವೇ ಇರಬೇಕು. ತಂತಿಯ ಮೇಲೆ ಒಣಗುವ ಒಂಟಿ ಕಾಲುಚೀಲ, ತಳ್ಳುಗಾಡಿಯ ನೆರಳಲ್ಲಿ ನಾಯಿ, ತುಕ್ಕು ಹಿಡಿದ ಷಟರಿನ ಮೇಲೆ ಬೆಳಗಿನ ಬಿಸಿಲು, ಎಲ್ಲವನ್ನೂ ಕ್ಲಿಕ್ಕಿಸಿದ. ಆಮೇಲೆ ಗೋಡೆ: ದೂರದಿಂದ, ಹತ್ತಿರದಿಂದ, ಮಂಡಿಯೂರಿ, ಕೊನೆಗೆ ಚಿತ್ರದಲ್ಲಿದ್ದ ಹೆಂಡತಿಯ ಮುಖ. ಅವನು ನಕ್ಕದ್ದನ್ನು ಕಂಡ ಸೈಕಲ್ ಅಂಗಡಿಯವನು ಹೆದರಿ ಪಂಪನ್ನೇ ಕೈಬಿಟ್ಟ.

ಸ್ಟುಡಿಯೊ ಮುಂದೆ ಪರೀಕ್ಷೆಗೆ ಅರ್ಜಿ ಹಾಕುವವರ ಸಾಲು ದಿಗಂತ ಮುಟ್ಟಿತ್ತು. “ಬೇಗ ಮಾಮ, ನಾಲ್ಕಕ್ಕೆ ಆಫೀಸ್ ಬಾಗಿಲು ಹಾಕ್ತಾರೆ!” “ನಿಮ್ಮ ಮುಖ ಎಲ್ಲಿಗೂ ಓಡಿ ಹೋಗಲ್ಲ, ಇರ್ರೋ” ಎನ್ನುತ್ತಲೇ ಮೊದಲು ಹೆಂಡತಿಯ ಮುಖವನ್ನು ಕಂಪ್ಯೂಟರಿಗೆ ಹಾಕಿದ. ಮುಂದಿನದನ್ನು ಕೈಗಳು ನೋಡಿಕೊಂಡವು. ಮುಂದಿನ ಗಿರಾಕಿ ಕೂತ. ಅವನ ಮುಂದಿನವನೂ ಕೂತ.

ಸಾಲು ಕರಗಿದ ಮೇಲೆ ಉಳಿದ ಪ್ರಿಂಟುಗಳನ್ನು ವಿಂಗಡಿಸುವಾಗ ಸಿಕ್ಕಿತು: ಬಿಳಿ ಹಿನ್ನೆಲೆಯಲ್ಲಿ ನುಣ್ಣನೆಯ ಹೆಂಡತಿ, ಎಂಟು ಸಲ. ಕಂಪ್ಯೂಟರಿನಲ್ಲೂ ಅಷ್ಟೇ. ಕಾರ್ಡಿನಲ್ಲಿ ಗೋಡೆಯಿಲ್ಲ, ಬರೀ ಅಪರಿಚಿತರ ಕಿವಿಗಳು.

ಭೂಮಿ ನಡುಗುವಂತೆ ಓಡಿದ. ಬಣ್ಣದವನು ಏಣಿಯಿಂದ ಇಳಿಯುತ್ತಿದ್ದ. “ಮುಟ್ಬೇಡಿ ಸಾರ್, ಹಸಿ ಇದೆ. ಎರಡನೇ ಕೋಟು ಈಗಷ್ಟೇ ಮುಗೀತು.”

ಮನೆಯಲ್ಲಿ ಹೆಂಡತಿ ಮಂಚದಿಂದಲೇ ಆ ಎಂಟು ಮುಖಗಳ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಇದೇನ್ರೀ, ನನ್ನ ಯಾವ ದೇಶಕ್ಕೆ ಸಾಗಹಾಕ್ತಿದೀರಿ?”

ಅವನು ಎಲ್ಲವನ್ನೂ ಹೇಳಿದ. ಅವಳು ಹಾಳೆಯಲ್ಲಿನ ತನ್ನ ನುಣ್ಣನೆಯ ಕೆನ್ನೆಯನ್ನು ಬೆರಳಿನಿಂದ ಸವರಿದಳು.

“ನನ್ ಸುಕ್ಕು ಬರೆದಿದ್ಲಾ?”

“ಬರೆದಿದ್ಲು.”

“ನೀವು ತೆಗೆದ್ರಿ.”

“ಹ್ಞೂಂ.”

“ಹೋಗ್ಲಿ. ನೋಡಿ ಬಂದಿದೀರಲ್ಲ, ಬಾಯಲ್ಲೇ ಹೇಳಿ. ನನ್ ಪಕ್ಕದಲ್ಲಿ ಯಾರನ್ನ ನಿಲ್ಲಿಸಿದ್ಲು?”

ಅವನು ಕಣ್ಣು ಮುಚ್ಚಿದ. ಬಿಸಿಲು ಯಾವ ಕಡೆಯಿಂದ ಬಿದ್ದಿತ್ತು, ನೆನಪಾಯಿತು. ಫೋಕಸ್ ಎಲ್ಲಿ ಕೂರಿಸಿದ್ದ, ನೆನಪಾಯಿತು. ಪಕ್ಕದಲ್ಲಿ ಯಾರೋ ಇದ್ದರು. ಅವರ ತೋಳು ಫ್ರೇಮಿನೊಳಗೆ ಬರುತ್ತಿತ್ತೆಂದು ಅವನೇ ಒಂದು ಹೆಜ್ಜೆ ಸರಿದು ನಿಂತಿದ್ದ.

“ಹೇಳ್ರೀ,” ಎಂದಳು ಅವಳು.