ಎರಡನೇ ಭಾಗದಲ್ಲಿದ್ದವಳು

ಗೆದ್ದ ಸಿನಿಮಾದ ಮುಂದುವರಿಕೆಯಾಗಿ ಬರುವ ಎರಡನೇ ಭಾಗದ ಬಗ್ಗೆ ನನ್ನೆದುರು ಯಾರೂ ಹಗುರವಾಗಿ ಮಾತಾಡಬಾರದು. ಮಾತಾಡಿದವರನ್ನು ನಾನು ಸುಮ್ಮನೆ ಬಿಟ್ಟದ್ದೇ ಇಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರ ಜೊತೆ ಜಗಳವಾಡಿದ್ದೇನೆ. ಹಲ್ಲಿನ ಡಾಕ್ಟರು ಕೈಯಲ್ಲಿ ಇಕ್ಕಳ ಹಿಡಿದೇ "ಎರಡನೇ ಭಾಗ ಅಂದ್ರೆ ಬರೀ ಬೋಗಸ್ ಕಣ್ರೀ" ಎಂದಾಗ, ಬಾಯಿ ತೆರೆದುಕೊಂಡಿದ್ದ ಸ್ಥಿತಿಯಲ್ಲೇ ನನ್ನ ವಾದ ಮಂಡಿಸಿದ್ದೇನೆ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ.

ಪಾಪ, ಎರಡನೇ ಭಾಗಕ್ಕೆ ಹುಟ್ಟುವಾಗಲೇ ಒಬ್ಬಳು ಚೆಂದದ ಅಕ್ಕ ಇರುತ್ತಾಳೆ. ಬೇರೆ ಥರ ಇದ್ದರೆ "ಅಕ್ಕನ ಹಾಗಿಲ್ಲ" ಅನ್ನುತ್ತಾರೆ. ಅಕ್ಕನ ಹಾಗೇ ಇದ್ದರೆ "ಹೊಸದೇನಿದೆ" ಎಂದು ಮೂಗು ಮುರಿಯುತ್ತಾರೆ. ಮೊದಲ ಭಾಗದ್ದು ಸುಲಭದ ಕೆಲಸ; ಸಂಭ್ರಮ ಮಾಡಿ ಎದ್ದು ಹೋಗುವುದು. ಮಾರನೇ ದಿನ ಎದ್ದು ಆ ಮನೆಯನ್ನು ಗುಡಿಸಬೇಕಾದದ್ದು ಎರಡನೇ ಭಾಗ. ಗುಡಿಸಿದವರಿಗೆ ಚಪ್ಪಾಳೆ ತಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಇಷ್ಟೆಲ್ಲ ಕೂಗಾಡುತ್ತಿದ್ದದ್ದು ಒಂದೇ ಒಂದು ಸಿನಿಮಾಗಾಗಿ. ನಲವತ್ಮೂರು ವರ್ಷ ಹಳೆಯದು. ಮೊದಲ ಭಾಗದಲ್ಲಿ ನಾಯಕಿ ಯುದ್ಧಕ್ಕೆ ಹೋದ ಗಂಡನಿಗಾಗಿ ಎರಡೂವರೆ ಗಂಟೆ ಕಾಯುತ್ತಾಳೆ. ಕೊನೆಗೆ ಅವನು ರೈಲಿನಿಂದ ಇಳಿಯುತ್ತಾನೆ, ಜನ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ. ಎರಡನೇ ಭಾಗ ಕೇಳುವುದು ಇಷ್ಟೇ: ಸರಿ, ಬಂದನಲ್ಲ, ಮುಂದೇನು? ಹಿಂತಿರುಗಿದವನಿಗೆ ರಾತ್ರಿ ನಿದ್ದೆಯಿಲ್ಲ, ಹಗಲು ಮಾತಿಲ್ಲ. ಕಾಯುವುದೊಂದನ್ನೇ ಕಲಿತಿದ್ದ ಹೆಂಗಸಿಗೆ ಅವನ ಜೊತೆ ಬದುಕುವುದು ಗೊತ್ತಿಲ್ಲ. ಅಂಥ ಕಥೆಯನ್ನು ಹೇಳಲು ಎದೆಗಾರಿಕೆ ಬೇಕು.

ಆದರೆ ಮೂರನೇ ಒಂದು ಪಾಲು ಚಿತ್ರೀಕರಣ ಬಾಕಿ ಇರುವಾಗಲೇ ನಾಯಕಿ ನಿರ್ದೇಶಕರ ಜೊತೆ ಜಗಳವಾಡಿ ಎದ್ದು ಹೋದಳು. ಬೇರೆ ದಾರಿ ಕಾಣದೆ ಉಳಿದವುಗಳಲ್ಲಿ ಅವಳಿದ್ದ ದೃಶ್ಯಗಳನ್ನೆಲ್ಲ ಅವಳದೇ ಮೈಕಟ್ಟಿನ ಇನ್ನೊಬ್ಬಳಿಗೆ ನಾಯಕಿಯದೇ ನೀಲಿ ಕೋಟು ತೊಡಿಸಿ ಬೆನ್ನ ಕಡೆಯಿಂದ ತೆಗೆದರು. ಹದಿನಾಲ್ಕು ನಿಮಿಷ ಬರೀ ಬೆನ್ನು. "ಗಂಡನ ಮೇಲೆ ಮುನಿಸಿಕೊಂಡಿದ್ದಾಳೆ, ಸರಿ. ದುಡ್ಡು ಕೊಟ್ಟು ಬಂದ ನಮ್ಮ ಮೇಲೆ ಯಾಕೆ ಮುನಿಸು?" ಎಂದು ಜನ ನಕ್ಕರಂತೆ. ಎರಡೇ ವಾರಕ್ಕೆ ಸಿನಿಮಾ ಎತ್ತಂಗಡಿಯಾಯಿತು.

ಆ ಬೆನ್ನು ನನ್ನ ಅಮ್ಮನದು.

ಅಪ್ಪ ಆ ಸಿನಿಮಾ ಕಂಪನಿಯಲ್ಲಿ ಉಡುಪು ಹೊಲಿಯುವ ದರ್ಜಿ, ಅಮ್ಮ ಅಲ್ಲೇ ಇಸ್ತ್ರಿಯವಳು. ನಾಯಕಿಯ ಕೋಟು ಅಳತೆ ತಿದ್ದದೆಯೇ ಕೂರುವ ಹೆಗಲು ಅವಳೊಬ್ಬಳದೇ ಇತ್ತು. ಆಗ ನನಗೆ ನಾಲ್ಕು ವರ್ಷ. ಆರು ತುಂಬುವಷ್ಟರಲ್ಲಿ ಅಮ್ಮ ಜ್ವರದಲ್ಲಿ ತೀರಿಕೊಂಡಳು. ನನ್ನ ಹತ್ತಿರ ಅವಳ ಫೋಟೋ ಇರುವುದು ಎರಡು, ಎರಡರಲ್ಲೂ ನ್ಯಾಯಾಧೀಶರ ಮುಂದೆ ನಿಂತವಳ ಹಾಗೆ ತುಟಿ ಬಿಗಿದಿದ್ದಾಳೆ. ಅವಳು ನಡೆಯುವುದು, ಬಾಗುವುದು, ಬಾಗಿಲು ತೆಗೆಯುವುದು ಎಲ್ಲಾದರೂ ಉಳಿದಿದ್ದರೆ ಆ ಹದಿನಾಲ್ಕು ನಿಮಿಷದಲ್ಲಿ ಮಾತ್ರ. ಮಸುಕಾದ ವಿಡಿಯೋ ಕ್ಯಾಸೆಟ್ಟಿನಲ್ಲಿ ಅಪ್ಪ ನನಗೆ ಅದನ್ನು ಎಷ್ಟು ಸಲ ತೋರಿಸಿದ್ದಾರೋ ಲೆಕ್ಕವಿಲ್ಲ. "ನೋಡು ಪುಟ್ಟಿ, ಈಗ ಬರ್ತಾಳೆ," ಎನ್ನುತ್ತಿದ್ದರು. ಬೆನ್ನು ಬರುತ್ತಿತ್ತು.

ನಾನೀಗ ಹಳೆಯ ಸಿನಿಮಾಗಳನ್ನು ಸರಿಪಡಿಸುವ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಕಿಟಕಿಯಿಲ್ಲದ ಕೋಣೆ, ಎರಡು ಪರದೆ, ಕೈಯಲ್ಲೊಂದು ಪೆನ್ನು. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ. ಒಂದೊಂದರ ಮೇಲಿನ ಧೂಳು, ಗೀರು, ಬೂಷ್ಟು ತೆಗೆಯುವುದು. ನಮ್ಮ ಮ್ಯಾನೇಜರ್ ನನಗಿಂತ ಹದಿನೈದು ವರ್ಷ ಚಿಕ್ಕವನು, ಒಳ್ಳೆಯ ಹುಡುಗ. ಯಾವ ತಕರಾರು ತಂದರೂ "ಆಯ್ತು ಬಿಡಿ" ಎನ್ನುವುದರಿಂದ ಅವನಿಗೆ ಅದೇ ಹೆಸರು ಬಿದ್ದಿದೆ. ಒಂದು ದಿನ ಆ ಆಯ್ತುಬಿಡಿ ಬಂದು, "ಮೇಡಂ, ನಿಮ್ಮ ಎರಡನೇ ಭಾಗ ಬಂತು" ಎಂದ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅವತ್ತೇ ಅಪ್ಪನಿಗೆ ಫೋನು ಮಾಡಿ, "ಅಮ್ಮನ ಸಿನಿಮಾನ ತೊಳೆದು ಹೊಸದು ಮಾಡ್ತಿದೀವಿ" ಎಂದು ಹೇಳಿಬಿಟ್ಟೆ.

ಮಾರನೇ ದಿನ ಮೀಟಿಂಗಿನಲ್ಲಿ ಉಳಿದದ್ದು ತಿಳಿಯಿತು. ತೀರಿಹೋದ ನಾಯಕಿಯ ಮಕ್ಕಳು ಒಪ್ಪಿಗೆ ಕೊಟ್ಟಿದ್ದಾರೆ. ಬೆನ್ನಿನ ದೃಶ್ಯಗಳಲ್ಲಿ ಆ ಹೆಂಗಸನ್ನು ತೆಗೆದು, ಕಂಪ್ಯೂಟರಿನಿಂದ ನಾಯಕಿಯನ್ನೇ ಅಲ್ಲಿ ನಿಲ್ಲಿಸುತ್ತಾರೆ, ಮುಖ ಈ ಕಡೆಗೆ. ಬೆನ್ನಿನವಳ ಸುತ್ತ ಗೆರೆ ಎಳೆದು ಬೇರ್ಪಡಿಸಿ ಕೊಡುವುದು ನನ್ನ ಕೆಲಸ.

"ಆಗಲ್ಲ," ಎಂದೆ. "ಗಂಡನಿಗೆ ಮುಖ ತೋರಿಸಲಾರದ ಹೆಂಗಸು ಅವಳು. ಬೆನ್ನು ಅಂತಲೇ ಆ ದೃಶ್ಯ ನಿಂತಿರೋದು. ಅಚಾತುರ್ಯದಿಂದ ಆಗಿದ್ದೇ ಸಿನಿಮಾದ ಜೀವ."

"ಮೇಡಂ, ಇದನ್ನ ಜನ ನೋಡಬೇಕು ಅಂತ ವರ್ಷಾನುಗಟ್ಟಲೆ ತಲೆ ತಿಂದಿರೋರು ನೀವೇ. ನೋಡ್ತಾರೆ ಈಗ. ಹದಿನಾಲ್ಕು ನಿಮಿಷ ಬೆನ್ನು ತೋರಿಸಿದ್ರೆ ಆಗಲೂ ನೋಡಲಿಲ್ಲ, ಈಗಲೂ ನೋಡಲ್ಲ," ಎಂದ ಆಯ್ತುಬಿಡಿ.

ಒಂದು ಗಂಟೆ ವಾದ ಮಾಡಿದೆ. ಬೆಳಕಿನ ಬಗ್ಗೆ ಹೇಳಿದೆ, ಕಥೆಯ ಬಗ್ಗೆ ಹೇಳಿದೆ, ನಿರ್ದೇಶಕರ ಮನಸ್ಸಿನಲ್ಲಿ ಏನಿತ್ತೆಂದು ಕಣ್ಣಾರೆ ಕಂಡವಳ ಹಾಗೆ ಹೇಳಿದೆ. ಅವಳು ನನ್ನ ಅಮ್ಮ ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅಷ್ಟು ವರ್ಷದ ನನ್ನ ವಾದವೆಲ್ಲ ಮಣ್ಣುಪಾಲಾಗುತ್ತಿತ್ತು. "ಓಹೋ, ಅದಕ್ಕೇ!" ಎಂದು ಮೇಜಿನ ಸುತ್ತ ಕೂತವರೆಲ್ಲ ಮುಖಮುಖ ನೋಡಿಕೊಳ್ಳುತ್ತಿದ್ದರು. ಆ ಸಿನಿಮಾ ಒಳ್ಳೆಯದು, ಅದು ಒಳ್ಳೆಯದಾಗಿರುವುದಕ್ಕೇ ಒಳ್ಳೆಯದು ಎಂದು ಸಾಧಿಸುವ ಹಟ ನನಗೆ. ಸಿನಿಮಾದ ಮಾನ ಉಳಿಸಲು ಹೋಗಿ ಅಮ್ಮನ ಹೆಸರೆತ್ತಲಿಲ್ಲ. ಜಂಬ ಅಂದರೂ ಸರಿಯೇ. ಕೊನೆಗೆ ಎಲ್ಲರೂ ನಾಯಕಿಯ ಮುಖವೇ ಇರಲಿ ಎಂದು ಕೈ ಎತ್ತಿದರು, ನಾನು ಸೋತೆ.

ಬೇರೆಯವರಿಗೆ ಕೊಡುತ್ತೇನೆ ಎಂದು ಆಯ್ತುಬಿಡಿ ಹೇಳಿದ. ನಾನೇ ಬೇಡವೆಂದೆ. ಯಾರೋ ಗುರುತಿಲ್ಲದವರು ಅವಳ ಮೈಸುತ್ತ ಗೀಚುವುದು ನನ್ನಿಂದ ನೋಡಲಾಗುತ್ತಿರಲಿಲ್ಲ.

ಇಪ್ಪತ್ತು ಸಾವಿರದ ನೂರ ಅರವತ್ತು ಚಿತ್ರ. ಮೂರೂವರೆ ತಿಂಗಳು ಅಮ್ಮನ ಹೆಗಲಿನ ಮೇಲೆ, ತೋಳಿನ ಕೆಳಗೆ, ಕತ್ತಿನ ಸುತ್ತ ಪೆನ್ನು ಆಡಿಸಿದೆ. ಎಡ ಹೆಗಲು ಒಂದು ಚೂರು ತಗ್ಗು, ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಆದದ್ದಿರಬೇಕು. ಮುಂಗೈ ಮೇಲೆ ಉದ್ದಕ್ಕೊಂದು ಸುಟ್ಟ ಕಲೆ. ನಡೆಯುವಾಗ ಎರಡು ಹೆಜ್ಜೆಗೊಮ್ಮೆ ಕೋಟಿನ ಅಂಚು ಮುಟ್ಟಿ ನೋಡುತ್ತಿದ್ದಳು, ಬೇರೆಯವರ ಬಟ್ಟೆ ಸುಕ್ಕಾದೀತು ಎನ್ನುವ ಭಯ. ಕಂಪ್ಯೂಟರ್ ತಾನೇ ಗೆರೆ ಎಳೆಯುತ್ತದೆ, ಆದರೆ ಕೂದಲಿನ ಹತ್ತಿರ ತಪ್ಪುತ್ತದೆ. ಕತ್ತಿನ ಹಿಂದೆ ಬಿಚ್ಚಿಕೊಂಡಿದ್ದ ಒಂದೊಂದು ಎಳೆಯನ್ನೂ ಕೈಯಾರೆ ಬಿಡಿಸಿದೆ. ಹೆತ್ತ ಮಗಳು ತಾಯಿಯ ತಲೆ ಬಾಚಬೇಕಾದ ವಯಸ್ಸಿನಲ್ಲಿ ನಾನು ಮಾಡಿದ ಸೇವೆ ಅದು. ಒಂದು ದೃಶ್ಯ ಮುಗಿದ ಕೂಡಲೇ ಗುಂಡಿ ಒತ್ತಿದರೆ ಅವಳು ನಿಂತಿದ್ದ ಜಾಗದಲ್ಲಿ ಗೋಡೆ ಕಾಣುತ್ತಿತ್ತು.

ಸಿನಿಮಾ ಮತ್ತೆ ಬಿಡುಗಡೆಯಾಯಿತು. ಜನ ಮುಗಿಬಿದ್ದರು. ಪತ್ರಿಕೆಗಳು "ಮೊದಲ ಭಾಗವನ್ನು ಮೀರಿಸಿದ ಎರಡನೇ ಭಾಗ", "ಇಷ್ಟು ವರ್ಷ ಕಡೆಗಣಿಸಿದ್ದಕ್ಕೆ ನಾವು ತಲೆತಗ್ಗಿಸಬೇಕು" ಎಂದೆಲ್ಲ ಬರೆದವು. ನಾನು ಬಯಸಿದ್ದ ಮಾತುಗಳೇ ಅವು, ಅಕ್ಷರಕ್ಕೆ ಅಕ್ಷರ. ಹಲ್ಲಿನ ಡಾಕ್ಟರು ಫೋನು ಮಾಡಿ, "ನೀವೇ ಗೆದ್ರಿ" ಎಂದರು.

ಅಪ್ಪನಿಗೆ ನಾನು ನಿಜ ಹೇಳಿರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ದಿನ ಬಂದುಬಿಟ್ಟಿತು. ಎಪ್ಪತ್ತೆಂಟರ ಅಪ್ಪ ಬೆಳಗಿನ ಆಟಕ್ಕೆ ತಾವೇ ಇಸ್ತ್ರಿ ಮಾಡಿಕೊಂಡ ಅಂಗಿ ತೊಟ್ಟು, ಗಡ್ಡ ಹೆರೆದು, ಹೆಣ್ಣು ನೋಡಲು ಹೊರಟವರ ಹಾಗೆ ಸಿದ್ಧರಾಗಿ ನಿಂತಿದ್ದರು. ಚಿತ್ರಮಂದಿರ ತುಂಬಿತ್ತು. ಅಮ್ಮನ ಮೊದಲ ದೃಶ್ಯ ಹತ್ತಿರ ಬರುತ್ತಿದ್ದ ಹಾಗೆ ಅವರು ನನ್ನ ಮೊಣಕೈ ಹಿಡಿದುಕೊಂಡು, "ಈಗ ಬರ್ತಾಳೆ" ಎಂದರು.

ಬಾಗಿಲು ತೆರೆಯಿತು. ನಾಯಕಿ ಈ ಕಡೆಗೆ ಮುಖಮಾಡಿ ನಿಂತು ಕಣ್ಣೀರಿಟ್ಟಳು. ಸುತ್ತ ಜನ ಮೂಗೊರೆಸಿಕೊಂಡರು.

ಅಪ್ಪ ಕುರ್ಚಿಯ ತುದಿಗೆ ಸರಿದು ಪರದೆಯ ಆ ಮೂಲೆ ಈ ಮೂಲೆ ಹುಡುಕಿದರು. "ಅವಳೆಲ್ಲಿ ಪುಟ್ಟಿ?" ಎಂದರು. ಮುಂದಿನ ಸಾಲಿನವರು ತಿರುಗಿ "ಶ್!" ಎಂದರು. ಕೊನೆಯಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದಾಗ ಅವರೂ ಎದ್ದರು, ಕೈಗಳು ಮಾತ್ರ ಜೋಲುಬಿದ್ದಿದ್ದವು.

ಮನೆಗೆ ಬಂದು ಚಪ್ಪಲಿ ಬಿಡುವಾಗ ಕೇಳಿದರು. "ಯಾರಮ್ಮಾ ಅವಳನ್ನ ತೆಗೆದದ್ದು?"

"ನಾನೇ ಅಪ್ಪ."

ಗೋಡೆಗೆ ಕೈಕೊಟ್ಟು ಇನ್ನೊಂದು ಚಪ್ಪಲಿಯನ್ನೂ ಬಿಟ್ಟರು. ಬೈಯಲಿ, ಎರಡು ಏಟು ಹಾಕಲಿ ಎಂದು ನನ್ನ ಜೀವ ಹಾತೊರೆಯುತ್ತಿತ್ತು. ಅವರು ನನ್ನ ತಲೆ ಮುಟ್ಟಿ, "ಅಚ್ಚುಕಟ್ಟಾಗಿ ಮಾಡಿದೀಯ. ಎಲ್ಲೂ ಹೊಲಿಗೆ ಕಾಣಲ್ಲ," ಎಂದರು.

ಮಾರನೇ ದಿನ ಆಫೀಸಿನಲ್ಲಿ ಸಿನಿಮಾದ ಡಬ್ಬಿಗಳನ್ನು ವಾಪಸು ಕಳಿಸುವ ಏರ್ಪಾಡು ನಡೆದಿತ್ತು. ಅವುಗಳ ಜೊತೆ ಬಂದಿದ್ದ, ಯಾರೂ ಮುಚ್ಚಳ ತೆಗೆಯದ ಒಂದು ಸಣ್ಣ ಡಬ್ಬಿಯಿತ್ತು. ಕತ್ತರಿಸಿ ಬಿಸಾಡಿದ ತುಂಡುಗಳು. ನನ್ನ ಹತ್ತಿರ ಇಟ್ಟುಕೊಳ್ಳಲು ಅಮ್ಮನ ಫಿಲ್ಮು ಒಂದು ಗೇಣಾದರೂ ಸಿಕ್ಕೀತೆಂದು ತೆಗೆದೆ. ಹುಳಿ ವಾಸನೆ ಮೂಗಿಗೆ ಬಡಿಯಿತು; ಫಿಲ್ಮು ಸಾಯುವಾಗ ಹಾಗೇ ನಾರುತ್ತದೆ. ಮುರುಟಿದ್ದನ್ನು ಬಿಡಿಸಿ ಒಂದೊಂದೇ ತುಂಡನ್ನು ಯಂತ್ರಕ್ಕೆ ಹಾಕಿದೆ. ಏಳನೆಯದನ್ನು ನೋಡಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ.

ಆಯ್ತುಬಿಡಿ ಬಾಗಿಲು ತಟ್ಟಿ ಒಳಗೆ ಬಂದ. ಇಷ್ಟು ದಿನ ಕಟ್ಟಿಟ್ಟುಕೊಂಡದ್ದನ್ನೆಲ್ಲ ಅವನ ಮುಂದೆ ಸುರಿದುಬಿಟ್ಟೆ.

"ಒಂದ್ ಮಾತು ಹೇಳಬಾರದಿತ್ತಾ ಮೇಡಂ? ಅಮ್ಮ ಅಂದಿದ್ರೆ ಸಾಕಿತ್ತು. ಹಾಗೇ ಬಿಟ್ಬಿಡ್ತಿದ್ದೆ."

ಅವನು ಅಷ್ಟು ಹೊತ್ತು ಅಲ್ಲಿದ್ದರೂ ಒಮ್ಮೆಯೂ ಆಯ್ತು ಬಿಡಿ ಎನ್ನಲಿಲ್ಲ.

ಸಂಜೆ ಆ ತುಂಡನ್ನು ಕಂಪ್ಯೂಟರಿನಲ್ಲಿ ತಂದು ಅಪ್ಪನ ಪಕ್ಕ ಕೂತು ಹಾಕಿದೆ. ಧ್ವನಿಯಿಲ್ಲ, ಒಂಬತ್ತು ಸೆಕೆಂಡು. ನೀಲಿ ಕೋಟಿನ ಬೆನ್ನು ಬಾಗಿಲ ಕಡೆಗೆ ನಡೆಯುತ್ತದೆ. ಚಿಲಕಕ್ಕೆ ಕೈ ಹಾಕುತ್ತದೆ. ತಟ್ಟನೆ ತಿರುಗುತ್ತದೆ. ಅಮ್ಮ! ಫೋಟೋದಲ್ಲಿದ್ದ ಬಿಗಿದ ತುಟಿಯ ಹೆಂಗಸಲ್ಲ, ಹುಬ್ಬು ಮೇಲೇರಿಸಿದ, ಗಾಬರಿಯಲ್ಲೂ ನಗುವ ಬಾಯಿಯ ಒಬ್ಬ ಹುಡುಗಿ. ಈಗಿನ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಕ್ಯಾಮೆರಾದ ಪಕ್ಕದಲ್ಲಿ, ಕೆಳಗೆ ಎಲ್ಲೋ ನೋಡಿ ಏನೋ ಹೇಳುತ್ತಾಳೆ.

ಅಪ್ಪ ಕನ್ನಡಕ ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು.

"ಇದು ನೀನು ಕೆಡಿಸಿದ ಶಾಟು," ಎಂದರು.

"ನಾನಾ?"

"ದೀಪದ ಹಿಂದೆ ನನ್ನ ತೊಡೆ ಮೇಲೆ ಕೂತಿದ್ದೆ. ಅವಳು ಬಾಗಿಲ ಹತ್ರ ಹೋದಳು ನೋಡು, ನಿನ್ನ ಬಿಟ್ಟು ಹೊರಟೇಹೋದಳು ಅಂತ ಕಿಟಾರನೆ ಕಿರುಚಿ ಅತ್ತೆ. ಅವಳಿಗೆ ತಡೀಲಿಲ್ಲ, ತಿರುಗಿಬಿಟ್ಳು. ನಿರ್ದೇಶಕರು ಬಾಯಿಗೆ ಬಂದಂಗೆ ಬೈದ್ರು."

"ಏನೋ ಅಂತಿದಾಳಲ್ಲ ಅಪ್ಪ. ಏನಂದ್ಲು?"

"ಬಂದೆ ಅಂದ್ಲು."

ನಾವೆಲ್ಲ ಆಡುವುದೇ ಹಾಗೆ. ಒಲೆಯ ಮುಂದಿದ್ದವರು, ಮಹಡಿ ಮೇಲಿದ್ದವರು, ಇನ್ನೂ ಒಂದು ಹೆಜ್ಜೆ ಕೀಳದವರು ಕೂಡ ಬಂದೆ ಎಂದೇ ಕೂಗುತ್ತಾರೆ, ಬಂದಾಗಿದೆ ಎನ್ನುವ ಹಾಗೆ. ಕರೆದವರೂ ಅದನ್ನು ನಂಬಿ ಅಳು ನಿಲ್ಲಿಸುತ್ತಾರೆ.

"ಇನ್ನೊಂದ್ಸಲ ಹಾಕು," ಎಂದರು ಅಪ್ಪ.

ಹಾಕಿದೆ. ಅಮ್ಮ ತಿರುಗಿದಳು, ಬಂದೆ ಎಂದಳು, ತುಂಡು ಮುಗಿಯಿತು. ಮತ್ತೆ ಹಾಕಿದೆ. ಅಷ್ಟೇ ಇರುವುದು, ಅವಳು ಬರುವುದು ಅದರಲ್ಲಿಲ್ಲ. ಪರದೆ ಕಪ್ಪಾದ ಮೇಲೆ ನಲವತ್ತೇಳು ವರ್ಷದ ನಾನು ಅಪ್ಪನ ಪಕ್ಕದಲ್ಲಿ ಕೂತು, ಅಮ್ಮಾ ಎಂದು ಜೋರಾಗಿ ಅತ್ತೆ. ಈ ಸಲ ಯಾರೂ ತಿರುಗಲಿಲ್ಲ.