ಪದ ಕೇಳಿಸಬೇಕು

"ಸ್ವಲ್ಪ ಆ ಕಡೆ ನೋಡಿ, ನಿಮಗೆ ಸಂಕಟ ಆಗುತ್ತೆ," ಎಂದ ಸ್ಟೀರಿಯೋ ಅಂಗಡಿಯವನು. ಡ್ಯಾಶ್‌ಬೋರ್ಡಿನ ಸಂದಿಗೆ ಚಪ್ಪಟೆಯಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ತೂರಿಸಿ ಎರಡೂ ಹೆಬ್ಬೆರಳುಗಳಿಂದ ಒತ್ತಿದ. ಟಪ್ಪೆಂದು ಕರಿಯ ಚೌಕಟ್ಟು ಕಳಚಿಕೊಂಡಿತು. ಲಿಫ್ಟಣ್ಣ ತನ್ನದೇ ಹಲ್ಲು ಕಿತ್ತ ಹಾಗೆ ಮುಖ ಹಿಂಡಿಕೊಂಡನೇ ಹೊರತು ಕಣ್ಣನ್ನು ಆಚೆ ತಿರುಗಿಸಲಿಲ್ಲ. ಕಾರಿನ ಜೊತೆಗೆ ಹುಟ್ಟಿ ಬಂದಿದ್ದ ಹಳೆಯ ಸ್ಟೀರಿಯೋ ಮೆಲ್ಲಗೆ ಮುಂದಕ್ಕೆ ಜಾರಿ ಬಂತು. ಅದರ ಹಿಂದೆ ಬಣ್ಣಬಣ್ಣದ ವೈರುಗಳ ಗೊಂಚಲು ಕರುಳಿನ ಹಾಗೆ ಜೋತಾಡುತ್ತಿತ್ತು.

ಎರಡೇ ಬಾಗಿಲು, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ ಸ್ಪೋರ್ಟ್ಸ್ ಕಾರು ಅದು. ಲಿಫ್ಟಣ್ಣನ ಕೈಗೆ ಬರುವ ಹೊತ್ತಿಗೆ ಅದರ ಕೆಂಪು ಬಣ್ಣ ಅಲ್ಲಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಆಯುಷ್ಯದುದ್ದಕ್ಕೂ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದ ಮೇಲೆ, "ಇಷ್ಟು ದಿನ ಬರೀ ಮೇಲೆ ಕೆಳಗೆ ಓಡಾಡಿದ್ದಾಯ್ತು, ಇನ್ನಾದ್ರೂ ಮುಂದಕ್ಕೆ ಹೋಗ್ಬೇಕು," ಎಂದು ಹೇಳಿ ಅದನ್ನು ಮನೆಗೆ ತಂದಿದ್ದ. ಹೆಂಡತಿ ಮೊದಲ ದಿನವೇ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಳು. ಒಳಗೆ ಕೂರುವಾಗ ಬಾವಿಗಿಳಿದ ಹಾಗಾಗುತ್ತದೆ, ಎದ್ದು ಬರುವಾಗ ಯಾರಾದರೂ ಹಗ್ಗ ಬಿಡಬೇಕು ಎಂದು ನಗುತ್ತಿದ್ದಳು. ಆದರೂ ಭಾನುವಾರ ಸಂಜೆ ಅವನಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದವಳು ಅವಳೇ.

"ಹುಡುಗರು ಬಂದ್ರೆ ಎದೆ ನಡುಗೋ ಹಾಗಿರ್ಬೇಕು ಅಂತಾರೆ," ಅಂಗಡಿಯವನು ತಲೆಗೆ ಕಟ್ಟಿದ್ದ ಟಾರ್ಚನ್ನು ಸರಿಮಾಡಿಕೊಂಡ. "ನಿಮಗೆ ಹೇಗಿರ್ಬೇಕು ಹೇಳಿ."

"ಪದ ಕೇಳಿಸ್ಬೇಕು," ಎಂದ ಲಿಫ್ಟಣ್ಣ. "ಹಾಡಿನ ಒಂದೊಂದು ಪದಾನೂ ಬಿಡಿಬಿಡಿಯಾಗಿ. ತಾರಕದ ಸ್ವರ ಎಷ್ಟು ಏರಿಸೋಕೆ ಆಗುತ್ತೋ ಅಷ್ಟು ಏರಿಸು. ಗುಂ ಗುಂ ಅನ್ನೋದು ಬೇಡವೇ ಬೇಡ. ಅದು ಪದಾನೆಲ್ಲ ನುಂಗಿ ಹಾಕುತ್ತೆ."

"ಅಷ್ಟು ಏರಿಸಿದ್ರೆ ಸಾಮಾನ್ಯ ಕಿವಿಗೆ ಚುಚ್ಚುತ್ತೆ."

"ಚುಚ್ಚಲಿ. ನಮ್ಮನೆಯವಳ ಕಿವಿಗೋಸ್ಕರ ಇದು."

ಅಂಗಡಿಯವನು ಟಾರ್ಚ್ ಆರಿಸಿ ಅವನ ಮುಖ ನೋಡಿದ. ಸೀಟುಗಳ ಹಿಂದೆ ಕೈಹಾಕಿ, ಕಂಪನಿಯವರು ಕೂರಿಸಿದ್ದ, ಗುಂ ಗುಂ ಸದ್ದು ಹೊರಡಿಸುವ ದಪ್ಪನೆಯ ಬೇಸ್ ಡಬ್ಬಿಯನ್ನು ತಟ್ಟಿದ. "ಹಾಗಿದ್ರೆ ಇದನ್ನ ತೆಗೀತೀನಿ. ಹೊಸ ಆಂಪ್ಲಿಫೈಯರ್ ಕೂರಿಸೋಕೆ ಈ ಕಾರಲ್ಲಿ ಬೇರೆ ಜಾಗಾನೇ ಇಲ್ಲ."

"ತೆಗಿ," ಎಂದ ಲಿಫ್ಟಣ್ಣ. "ಯಾರಿಗಾದ್ರೂ ಬೇಕಿದ್ರೆ ಕೊಟ್ಬಿಡು."

ಹೆಂಡತಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಆಸ್ಪತ್ರೆಯ ಡಾಕ್ಟರುಗಳನ್ನು ಮುಖದಿಂದಲ್ಲ, ಅವರು ಹಲೋ ಎನ್ನುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಬಗೆಯಿಂದ ಗುರುತಿಸುತ್ತಿದ್ದಳು. ಕೆಲಸದ ಜಾಗದಿಂದ ಲಿಫ್ಟಣ್ಣ ಫೋನು ಮಾಡಿದರೆ, ಅವನು ಬಾಯಿ ಬಿಟ್ಟ ಕೂಡಲೇ, "ಇನ್ನೂ ಊಟ ಆಗಿಲ್ಲ ಅಲ್ವಾ?" ಎನ್ನುತ್ತಿದ್ದಳು. ಅಂಥ ಕಿವಿ. ಮೊದಲು ಬಾಗಿಲ ಗಂಟೆ ತಪ್ಪಿಹೋಯಿತು, ಆಮೇಲೆ ಕುಕ್ಕರಿನ ಸೀಟಿ. ಹಿಂದಿನಿಂದ ಕರೆದರೆ ತಿರುಗುವುದು ನಿಂತಿತು. ಕಿವಿಯ ಡಾಕ್ಟರು ಏರಿಳಿತದ ಗೆರೆಯೊಂದನ್ನು ತೋರಿಸಿ, ನರ ಸೋಲುತ್ತಿದೆ, ತೆಳು ಸ್ವರಗಳು ಮೊದಲು ಹೋಗುತ್ತವೆ, ಉಳಿದವು ಹಿಂದಿನಿಂದ ಹೋಗುತ್ತವೆ ಎಂದರು. ಕಿವಿಗೆ ಯಂತ್ರ ಹಾಕಿಕೊಂಡರೆ ಪಾತ್ರೆ ಅಂಗಡಿಯೊಳಗೆ ಕೂತ ಹಾಗಾಗುತ್ತದೆ ಎಂದು ಅವಳು ಅದನ್ನು ಸೂಜಿ ದಾರದ ಡಬ್ಬಿಗೆ ಸೇರಿಸಿದಳು. ಈಗ ಮಾತನಾಡಿಸಬೇಕಾದರೆ ಎದುರಿಗೆ ಬಂದು ತುಟಿ ತೋರಿಸಬೇಕಿತ್ತು.

ಭಾನುವಾರದ ತಿರುಗಾಟ ಮಾತ್ರ ನಿಂತಿರಲಿಲ್ಲ. ಮೊದಲಾದರೆ ಸ್ಟೀರಿಯೋದ ಜೊತೆ ಅವಳೂ ಹಾಡುತ್ತಿದ್ದಳು. ಪದ ಮರೆತ ಕಡೆ ತನ್ನದೇ ಪದ ಸೇರಿಸುತ್ತಿದ್ದಳು. ಈಗ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದಳು. ಗಾಡಿ ಓಡಿಸುತ್ತಾ ತುಟಿ ತೋರಿಸುವುದು ಲಿಫ್ಟಣ್ಣನಿಗೆ ಸಾಧ್ಯವಿರಲಿಲ್ಲ. ಹಾಗೆ ಮೌನವಾಗಿ ಹೋಗಿ ಮೌನವಾಗಿ ಬಂದ ಒಂದು ಸಂಜೆ ಅವನಿಗೆ ಇದು ಹೊಳೆದಿತ್ತು. ಇಷ್ಟು ಚಿಕ್ಕ ಕಾರು. ಕಿಟಕಿ ಏರಿಸಿದರೆ ಮುಚ್ಚಿದ ಡಬ್ಬಿಯಂತೆ. ಸ್ಪೀಕರು ಕಿವಿಯಿಂದ ಒಂದು ಮೊಳದ ದೂರದಲ್ಲಿ. ಹೋಗಿರುವ ಸ್ವರಗಳನ್ನೇ ಆರಿಸಿ ಆರಿಸಿ ಹೆಚ್ಚಿಸಿದರೆ ಯಾಕೆ ಕೇಳಿಸಬಾರದು? ಕೆಟ್ಟು ನಿಂತ ಲಿಫ್ಟಿನ ಮುಂದೆ ಅವನು ಎಂದೂ ಕೈಚೆಲ್ಲಿದವನಲ್ಲ.

ಕೆಲಸ ಮುಗಿಯುವಾಗ ಮಧ್ಯಾಹ್ನ ಕಳೆದಿತ್ತು. ಹೊಸ ಯಂತ್ರಕ್ಕೆ ಅಂಗೈಯಗಲದ ಪರದೆ, ಅದರ ಮೇಲೆ ಹಾಡಿನ ಹೆಸರು ದೊಡ್ಡ ಅಕ್ಷರದಲ್ಲಿ ಸರಿಯುತ್ತಿತ್ತು. ಅಂಗಡಿಯವನು ಲಿಫ್ಟಣ್ಣನ ಫೋನನ್ನು ಅದಕ್ಕೆ ಜೋಡಿಸಿಕೊಟ್ಟ. ಕರೆ ಬಂದರೆ ಹಾಡು ತಾನಾಗಿ ನಿಂತು ಸ್ಪೀಕರಿನಲ್ಲೇ ಮಾತು ಕೇಳುತ್ತದೆ ಎಂದು ವಿವರಿಸಿದ. ಬಾಗಿಲು ಮುಚ್ಚಿ ಹಾಡು ಹಚ್ಚಿದಾಗ ಹಾಡುಗಾರ್ತಿ ಉಸಿರೆಳೆದುಕೊಂಡದ್ದು ಕೂಡ ಕೇಳಿಸಿತು. ಲಿಫ್ಟಣ್ಣನ ಕಿವಿಗೆ ನಿಜಕ್ಕೂ ಚುಚ್ಚಿತು. ಚುಚ್ಚಿದಷ್ಟೂ ಅವನಿಗೆ ಸಂತೋಷವಾಯಿತು.

"ಸಾರ್," ಬಿಚ್ಚಿದ ಸ್ಕ್ರೂಗಳನ್ನು ಡಬ್ಬಿಗೆ ತುಂಬುತ್ತಾ ಅಂಗಡಿಯವನು ಅಂದ, "ಸದ್ದು ಜೋರು ಮಾಡೋದು ನನ್ನ ಕೈಲಿದೆ. ಅಷ್ಟೇ ನಾನು ಹೇಳೋಕೆ ಆಗೋದು."

"ಅಷ್ಟು ಸಾಕು," ಎಂದ ಲಿಫ್ಟಣ್ಣ.

ಆ ಭಾನುವಾರ ಹೆಂಡತಿ ಕಾರಿಗಿಳಿದು ಕೂತವಳೇ ಪರದೆಯನ್ನು ನೋಡಿ, "ಸವತಿ ಮುಖಕ್ಕೆ ಕನ್ನಡಕ ಬಂದಿದೆ," ಎಂದಳು. ಲಿಫ್ಟಣ್ಣ ಕಿಟಕಿ ಏರಿಸಿ ಹಾಡು ಹಚ್ಚಿದ. ಗಾಡಿ ತೆಗೆಯದೆ ಅವಳ ಮುಖವನ್ನೇ ನೋಡುತ್ತಾ ಕೂತ. ಪರೀಕ್ಷೆಯ ಫಲಿತಾಂಶದ ಹಲಗೆ ಎದುರು ನಿಂತವನ ಹಾಗಿದ್ದ. ಅವಳು ಪರದೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಆಮೇಲೆ ಅವಳ ಮುಖ ಅರಳಿತು.

"ಕೇಳಿಸ್ತಿದೆ ಕಣ್ರೀ."

"ನಿಜವಾಗ್ಲೂ?"

"ಪದಾನೂ ಕೇಳಿಸ್ತಿದೆ." ಅವಳು ಆ ಹಾಡಿನ ಮೊದಲ ಸಾಲನ್ನು ಗುನುಗಿದಳು. ಬೆರಳುಗಳು ಮಂಡಿಯ ಮೇಲೆ ತಾಳ ಹಿಡಿದವು. ಲಿಫ್ಟಣ್ಣ ತಲೆಯನ್ನು ಆ ಕಡೆ ತಿರುಗಿಸಿ, ಕನ್ನಡಿ ಸರಿಪಡಿಸುವ ನೆಪದಲ್ಲಿ ಕಣ್ಣೊರೆಸಿಕೊಂಡ.

ಸ್ವಲ್ಪ ದೂರ ಹೋದ ಮೇಲೆ ಅವಳು, "ಹಳೇ ಡಬ್ಬಿ ಬೆನ್ನಿಗೆ ಗುದ್ದೋದು ಅಲ್ವಾ," ಎಂದಳು.

"ಇನ್ಮೇಲೆ ಆ ಕಾಟ ಇಲ್ಲ," ಕೆಂಪು ದೀಪದಲ್ಲಿ ನಿಂತಾಗ ಅವನು ಅವಳ ಕಡೆ ತಿರುಗಿ ಬಿಡಿಸಿ ಹೇಳಿದ. "ಕಿತ್ತು ಹಾಕಿಸ್ಬಿಟ್ಟೆ."

"ಓ," ಎಂದಳು. ಕೈಯನ್ನು ಸೀಟಿನ ಒರಗಿನ ಹಿಂದೆ ತೂರಿಸಿ ಏನನ್ನೋ ಮುಟ್ಟಿ ನೋಡಿದಳು. "ಒಳ್ಳೇದಾಯ್ತು ಬಿಡಿ."

ಬೇರೆ ಊರಿನಲ್ಲಿದ್ದ ಮಗಳಿಗೆ ಲಿಫ್ಟಣ್ಣ ಅಂದೇ ಫೋನು ಮಾಡಿದ. ಡಾಕ್ಟರಿಂದ ಆಗದ್ದು ತನ್ನಿಂದ ಆಯಿತು ಎಂಬಂತೆ ಎಲ್ಲವನ್ನೂ ಹೇಳಿದ. ಮಗಳು ನಂಬಲಿಲ್ಲ, ಮತ್ತೆ ಮತ್ತೆ ಕೇಳಿದಳು, ಆಮೇಲೆ ನಂಬಿದಳು. ಅಲ್ಲಿಂದಾಚೆ ಭಾನುವಾರಗಳಿಗೆ ಮತ್ತೆ ಕಳೆ ಬಂತು. ಹೆಂಡತಿ ಪರದೆಯ ಮೇಲೆ ಹೆಸರು ಸರಿದ ಕೂಡಲೇ ಆ ಹಾಡನ್ನು ಗುನುಗುತ್ತಿದ್ದಳು. ಶ್ರುತಿ ಅಲ್ಲಲ್ಲಿ ಜಾರುತ್ತಿತ್ತು. ಬಹಳ ದಿನ ಹಾಡದಿದ್ದರೆ ಹಾಗಾಗುವುದೇ ಎಂದು ಲಿಫ್ಟಣ್ಣ ಅಂದುಕೊಂಡ. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವರು ಸದ್ದಿಗೆ ಬೇಸರಪಟ್ಟು ಕಿಟಕಿ ಏರಿಸಿಕೊಂಡರೆ ಅವರತ್ತ ಕೈ ಬೀಸುತ್ತಿದ್ದ.

ಕೆರೆಯ ಹಿಂದಿನ ರಸ್ತೆಯನ್ನು ಅಗೆದು ಜಲ್ಲಿ ಹಾಸಿದ್ದ ಒಂದು ಸಂಜೆ ಕಾರು ಕುಲುಕುತ್ತಾ ಸಾಗುತ್ತಿತ್ತು. ಆ ಕಾರಿನ ಗಟ್ಟಿ ಸೀಟಿನಲ್ಲಿ ಸಣ್ಣ ಕಲ್ಲು ಸಿಕ್ಕರೂ ಬೆನ್ನುಮೂಳೆಗೆ ತಿಳಿಯುತ್ತದೆ. ಹೆಂಡತಿ ತಲೆಯನ್ನು ಕಿಟಕಿಯ ಕಡೆ ಒರಗಿಸಿ ಕಣ್ಣು ಮುಚ್ಚಿದ್ದಳು. ಮುಖದ ಮೇಲೆ ನಗುವಿತ್ತು, ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ಆಗ ಹಾಡು ನಿಂತು ಪರದೆಯ ಮೇಲೆ ಮಗಳ ಹೆಸರು ಮೂಡಿತು. ಲಿಫ್ಟಣ್ಣ ಹಸಿರು ಗುಂಡಿ ಒತ್ತಿದ.

"ಅಪ್ಪಾ, ಕಾರಲ್ಲೇ ಇದ್ದೀರಲ್ವಾ?" ಮಗಳ ದನಿ ಬಾಗಿಲುಗಳಿಂದ, ಡ್ಯಾಶ್‌ಬೋರ್ಡಿನಿಂದ, ಎಲ್ಲ ಕಡೆಯಿಂದ ತುಂಬಿ ಬಂತು. "ಬೇಕೂಂತ್ಲೇ ಈ ಹೊತ್ತಿಗೆ ಮಾಡಿದೆ. ಅಮ್ಮ ಪಕ್ಕದಲ್ಲಿದ್ದಾಳಾ?"

"ಹೂಂ, ಇದ್ದಾಳೆ." ಲಿಫ್ಟಣ್ಣ ಹೆಂಡತಿಯ ಕಡೆ ನೋಡಿದ. ಬೆರಳು ತಾಳ ಹಾಕುತ್ತಲೇ ಇತ್ತು.

"ನೀವು ಮಾತಾಡ್ಬೇಡಿ, ನಾನೇ ಮಾತಾಡ್ತೀನಿ. ಅಮ್ಮಾ, ನಾನಮ್ಮ."

ಬೆರಳು ನಿಲ್ಲಲಿಲ್ಲ.

"ಅಮ್ಮಾ, ಎಷ್ಟು ಕಾಲ ಆಯ್ತು ನಿನ್ ಹತ್ರ ಬಾಯಿಬಿಟ್ಟು ಮಾತಾಡಿ. ಬರೀ ಮೆಸೇಜು, ಮೆಸೇಜು. ಮೆಸೇಜಲ್ಲಿ ನೀನು ಬೈದ್ರೆ ಬೈದ ಹಾಗೇ ಆಗಲ್ಲ." ಮಗಳು ನಕ್ಕಳು. "ಕೂದಲು ಪೂರ್ತಿ ಕತ್ತರಿಸ್ಕೊಂಡಿದ್ದೀನಿ ಅಮ್ಮ. ಕತ್ತಿನವರೆಗೂ ಇಲ್ಲ ಈಗ. ಬೈ ನೋಡೋಣ."

ಜಲ್ಲಿ ಕಲ್ಲುಗಳು ಕಾರಿನ ಅಡಿಗೆ ಬಡಿಯುತ್ತಿದ್ದವು. ಇಲ್ಲದ ಹಾಡಿಗೆ ಹೆಂಡತಿ ನಿಧಾನವಾಗಿ ತಲೆದೂಗುತ್ತಿದ್ದಳು.

"ಅಮ್ಮಾ?" ಎಂದಳು ಮಗಳು. ಸ್ವಲ್ಪ ತಡೆದು, ದೊಡ್ಡ ದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ, "ಅಮ್ಮಾ, ಕೇಳಿಸ್ತಿದ್ಯಾ?"

ಲಿಫ್ಟಣ್ಣ ದಾರಿಯ ಕಡೆ ತಿರುಗಿದ. "ನಿದ್ದೆ ಹೋಗಿದ್ದಾಳೆ ಕಣಮ್ಮ," ಎಂದ.

"ಆ ಕಾರಲ್ಲಿ ನಿದ್ದೆನಾ?"

"ಹೂಂ. ನಿನ್ನೆ ಸರಿಯಾಗಿ ಮಲಗಿರ್ಲಿಲ್ಲ. ಹಾಡು ಕೇಳ್ತಾ ಕೇಳ್ತಾ ಹಾಗೇ..."

"ಎಬ್ಬಿಸ್ಬೇಡಿ ಬಿಡಿ," ಎಂದಳು ಮಗಳು. ಅವಳ ದನಿ ಇಳಿದಿತ್ತು. "ಮುಂದಿನ ವಾರ ಮಾಡ್ತೀನಿ."

ಕರೆ ಮುಗಿದದ್ದೇ ಹಾಡು ಅರ್ಧ ಸಾಲಿನಿಂದ ಮತ್ತೆ ಎದ್ದಿತು. ಹೆಂಡತಿಯ ತಾಳ ಅದಕ್ಕೆ ಕೂಡಲಿಲ್ಲ, ಅದರ ಪಾಡಿಗೆ ಅದು ನಡೆಯುತ್ತಿತ್ತು. ಇಷ್ಟು ದಿನವೂ ಹೀಗೇ ಇತ್ತೇ ಎಂದು ಲಿಫ್ಟಣ್ಣ ನೆನಪು ಮಾಡಿಕೊಳ್ಳಲು ನೋಡಿದ. ಅವನು ತಾಳವನ್ನು ಎಂದೂ ಲೆಕ್ಕ ಹಾಕಿರಲಿಲ್ಲ. ಅವಳ ಮುಖವನ್ನು ನೋಡುತ್ತಿದ್ದ, ಅಷ್ಟೇ. ಪರದೆಯ ಮೇಲಿನ ಹೆಸರು ಓದಿ, ನೆನಪಿನಲ್ಲಿದ್ದುದನ್ನು ಗುನುಗಿ, ಅವಳು ವಾರ ವಾರವೂ ಅವನಿಗಾಗಿ ಹಾಡು ಕೇಳುತ್ತಿದ್ದಳು. ಹಳೆಯ ಡಬ್ಬಿ ಇದ್ದಾಗ ಬೆನ್ನಿಗಾದರೂ ಹಾಡು ಮುಟ್ಟುತ್ತಿತ್ತು. ಅವಳ ಪಾಲಿಗೆ ಉಳಿದಿದ್ದ ಅದನ್ನೇ ಅವನು ಹುಡುಕಿ ಕೀಳಿಸಿದ್ದ. ಈಗ ಮತ್ತೆ ಹಾಕಿಸೋಣವೆಂದರೆ ಯಾಕೆ ಎಂದು ಅವಳು ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಭಾನುವಾರ ಎಂಬುದೇ ಉಳಿಯುವುದಿಲ್ಲ.

ಅವಳು ಕಣ್ಣು ಬಿಟ್ಟು ಪರದೆ ನೋಡಿದಳು. "ಈ ಹಾಡು ಎಷ್ಟು ಸಲ ಕೇಳಿದ್ರೂ ಬೇಜಾರಾಗಲ್ಲ," ಎಂದಳು. ಆಮೇಲೆ ಅವನ ಮುಖ ನೋಡಿ, "ಏನ್ರೀ, ಯಾಕೆ ಹಾಗಿದ್ದೀರಾ?"

ಅವನು ವೇಗ ತಗ್ಗಿಸಿ ಅವಳತ್ತ ತಿರುಗಿದ. "ಚಕ್ರದಲ್ಲಿ ಏನೋ ಸದ್ದು ಬರ್ತಿದೆ. ನೋಡ್ಕೊಂಡ್ ಬರ್ತೀನಿ."

"ನಂಗೂ ಅನ್ನಿಸ್ತು," ಎಂದಳು.

ರಸ್ತೆಯ ಬದಿಗೆ ನಿಲ್ಲಿಸಿ, ಹಾಡನ್ನು ಹಾಗೇ ಬಿಟ್ಟು, ಅವನು ಇಳಿದು ಹಿಂದಕ್ಕೆ ನಡೆದ. ಚಕ್ರದ ಬಳಿ ಬಗ್ಗಲಿಲ್ಲ. ಸುಮ್ಮನೆ ಇನ್ನೂ ಹಿಂದಕ್ಕೆ ಹೋಗಿ ಜಲ್ಲಿಯ ರಾಶಿಯ ಹತ್ತಿರ ನಿಂತ. ಮುಚ್ಚಿದ ಗಾಜಿನೊಳಗಿಂದ ಹಾಡುಗಾರ್ತಿಯ ದನಿ ಅಲ್ಲಿಯವರೆಗೂ ತೆಳ್ಳಗೆ ಕೇಳುತ್ತಿತ್ತು. ಉಸಿರು ಒಂದು ಹದಕ್ಕೆ ಬಂದ ಮೇಲೆ ತಿರುಗಿ ನೋಡಿದ.

ಹಿಂದಿನ ಗಾಜಿನಲ್ಲಿ ಹೆಂಡತಿಯ ತಲೆ ಕಾಣಲಿಲ್ಲ. ಗಾಬರಿಯಿಂದ ಪಕ್ಕಕ್ಕೆ ಸರಿದು ಮುಂದೆ ಬಂದಾಗ ಬದಿಯ ಕಿಟಕಿಯಲ್ಲಿ ಕಂಡಿತು. ಅವಳು ಪೂರ್ತಿ ಬಗ್ಗಿ, ಬಾಗಿಲಿನ ಸ್ಪೀಕರಿಗೆ ಕಿವಿ ಒತ್ತಿ ಹಿಡಿದಿದ್ದಳು. ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡಿದ್ದಳು. ಮುಖದ ಮೇಲೆ ನಗುವಿರಲಿಲ್ಲ. ಹಾಗೇ, ಅಲ್ಲಾಡದೆ, ಬಹಳ ಹೊತ್ತು ಇದ್ದಳು. ಆಮೇಲೆ ಬದಿ ಬದಲಿಸಿ ಇನ್ನೊಂದು ಕಿವಿಯನ್ನು ಅಲ್ಲಿಟ್ಟಳು.

ಲಿಫ್ಟಣ್ಣ ನಿಂತಲ್ಲೇ ನಿಂತ. ಹೀಗೇ ಹಿಂದಿನಿಂದ ಹೋಗಿ ಬಾಗಿಲು ತೆಗೆದರೆ ಅವಳು ಸಿಕ್ಕಿಬೀಳುತ್ತಾಳೆ. ಕೆಮ್ಮಿದರೂ ಕರೆದರೂ ಅವಳಿಗೆ ತಿಳಿಯುವಂತಿಲ್ಲ. ಅವನು ರಸ್ತೆಯಿಂದ ಕೆಳಗಿಳಿದ. ಪೊದೆಗಳ ಮಧ್ಯೆ, ಪ್ಯಾಂಟಿಗೆ ಮುಳ್ಳು ಸಿಕ್ಕುವುದನ್ನೂ ಬಿಡಿಸಿಕೊಳ್ಳದೆ, ಕಾರನ್ನು ದೂರದಿಂದ ಸುತ್ತಿ ದಾಟಿ, ಸಾಕಷ್ಟು ಮುಂದಕ್ಕೆ ಹೋಗಿ ಮತ್ತೆ ರಸ್ತೆಗೆ ಹತ್ತಿದ. ಕೈಯನ್ನು ಅಗಲವಾಗಿ ಬೀಸುತ್ತಾ, ಎದುರಿನಿಂದ, ಅವಳಿಗೆ ಕಾಣುವ ಹಾಗೆ, ಆದಷ್ಟು ನಿಧಾನವಾಗಿ ಕಾರಿನತ್ತ ನಡೆಯತೊಡಗಿದ.