ಏಳು ಒಂದುಗಳ ಕಲ್ಲು

ನಮ್ಮ ಶಾಲೆಯ ಬಾಗಿಲಲ್ಲಿ ೧೧೧೧೧೧೧ ಎಂದು ಕೆತ್ತಿದ ಕಲ್ಲೊಂದಿದೆ. ಊರವರೆಲ್ಲ ಕೂಡಿ ನೋಟ್‌ಬುಕ್ಕುಗಳಲ್ಲಿ ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು ಸಲ ‘ಓಂ ನಮಃ ಶಿವಾಯ’ ಬರೆದು ಮುಗಿಸಿದ ನೆನಪಿಗೆ ಅದನ್ನು ನಿಲ್ಲಿಸಿದವರು ಜಗದೇವ ಮಾಸ್ತರರು. ನಿವೃತ್ತ ಗಣಿತ ಮಾಸ್ತರು, ಶಾಲೆಯ ಟ್ರಸ್ಟಿನ ಅಧ್ಯಕ್ಷರು, ನನಗೆ ನೌಕರಿ ಕೊಟ್ಟವರು. ಏಳು ಅವಿಭಾಜ್ಯ, ಅದನ್ನು ಒಡೆಯಲು ಬರುವುದಿಲ್ಲ, ಹಾಗಾಗಿ ಏಳು ಒಂದುಗಳನ್ನೂ ಒಡೆಯಲು ಬರುವುದಿಲ್ಲ, ಶಿವನಂತೆ ಇದೂ ಅಖಂಡ ಎಂದು ಅವತ್ತು ವೇದಿಕೆಯಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ತಪ್ಪೆಂದು ನನಗೆ ಅವತ್ತೇ ಗೊತ್ತಿತ್ತು. ಮೂರನ್ನೂ ಒಡೆಯಲು ಬರುವುದಿಲ್ಲ. ಆದರೆ ಮೂರು ಒಂದುಗಳು, ಅಂದರೆ ನೂರಾ ಹನ್ನೊಂದು, ಮೂವತ್ತೇಳರ ಮೂರು ಪಟ್ಟು. ಅವರ ತರ್ಕ ಅಲ್ಲಿಗೇ ಮುಗಿಯಿತು. ಅದೇ ರಾತ್ರಿ ಭಾಗಿಸಿ ನೋಡಿದಾಗ ಕಲ್ಲಿನ ಸಂಖ್ಯೆಯೂ ಒಡೆಯಿತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡು ಗಣಿತ ಕಲಿಸಿದೆ.

ಟ್ರಸ್ಟಿನ ಪರೀಕ್ಷೆಯಲ್ಲಿ ಗೆದ್ದ ಒಬ್ಬರಿಗೆ ಪ್ರತಿವರ್ಷ ಕಲಬುರಗಿಯಲ್ಲಿ ಪಿಯುಸಿ ಓದಲು ಪುಕ್ಕಟೆ ಹಾಸ್ಟೆಲ್ ಸೀಟು. ಆ ಪರೀಕ್ಷೆಯ ಹತ್ತನೆಯ, ಕೊನೆಯ ಪ್ರಶ್ನೆ ಬದಲಾಗುವುದೇ ಇಲ್ಲ: ಕಲ್ಲಿನ ಮೇಲಿನ ಸಂಖ್ಯೆ ಏಕೆ ಅಖಂಡ? ಈ ಸಲ ಸೀಟು ಭಾಗ್ಯಜ್ಯೋತಿಗೆ ಸಿಗಲೇಬೇಕಿತ್ತು. ಹತ್ತಿ ಬಿಡಿಸುವವರ ಮಗಳು, ಲೆಕ್ಕ ಕೊಟ್ಟರೆ ಊಟ ಮರೆಯುವ ಹುಡುಗಿ. ಸೀಟು ತಪ್ಪಿದರೆ ಜೇವರ್ಗಿ ಕಡೆಯ ವರನೊಬ್ಬ ಕಾದಿದ್ದ.

ಪರೀಕ್ಷೆಗೆ ಎರಡು ದಿನ ಮೊದಲು ಅವಳು ಹಳೆಯ ಕ್ಯಾಲೆಂಡರಿನ ಹಾಳೆ ಹಿಡಿದು ಬಂದಳು. ಹಿಂಬದಿಯ ತುಂಬ ಭಾಗಾಕಾರ. ಎರಡು, ಮೂರು, ಐದು, ಏಳು ಎಂದು ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತ ಹೋಗಿದ್ದಳು. ಐವತ್ತೆರಡನೆಯದಾದ ಇನ್ನೂರಾ ಮೂವತ್ತೊಂಬತ್ತಕ್ಕೆ ಶೇಷ ಉಳಿದಿರಲಿಲ್ಲ. ೨೩೯ × ೪೬೪೯. ಕೆಳಗೆ ಎರಡು ಗೆರೆ ಎಳೆದಿದ್ದಳು.

ನನಗೆ ಹೆಮ್ಮೆಯಾಗಬೇಕಿತ್ತು. ಸಿಟ್ಟು ಬಂತು. ಹಾಳೆ ಕಸಿದು ಹಾಜರಿ ಪುಸ್ತಕದಲ್ಲಿಟ್ಟೆ. ಮಾಸ್ತರರು ಬಯಸಿದ್ದನ್ನೇ ಬರಿ, ಖರೆ ಹೇಳಲು ಇಡೀ ಜನ್ಮವಿದೆ ಎಂದು ಬುದ್ಧಿ ಹೇಳಿದೆ.

“ಟೀಚರ್, ಇದು ನಿಮಗ ಮೊದಲೇ ಗೊತ್ತಿತ್ತೇನ್ರಿ?” ಎಂದಳು.

ಗೊತ್ತಿತ್ತು ಎಂದೆ.

ಪರೀಕ್ಷೆಯಲ್ಲಿ ಹೇಳಿದ ಹಾಗೆಯೇ ಬರೆದಳು. ಸೀಟು ಸಿಕ್ಕಿತು. ಜೂನಿನಲ್ಲಿ ಪೇಡೆ ಹಿಡಿದು ಬಂದು ನನ್ನ ಕಾಲು ಮುಟ್ಟಿದಳು. ಸೈನ್ಸ್ ತಾನೇ ಎಂದು ಕೇಳಿದೆ. ಆರ್ಟ್ಸ್ ಅಂದಳು. ನಿನ್ನಂಥವಳು ಲೆಕ್ಕ ಬಿಡುವುದೇ ಎಂದು ರೇಗಿದೆ.

“ಶೇಷ ಉಳೀಲಿಲ್ಲಂದಾಗ ಭಾಳ ಖುಷಿ ಆಗಿತ್ರಿ. ಆಮ್ಯಾಗ ನನ್ನ ಕೈಲೇ ಅದನ್ನ ಸುಳ್ಳು ಅಂತ ಬರದೆ. ಈಗ ಲೆಕ್ಕ ಮುಂದಿಟ್ರ ನಿಮ್ಮ ಮಾರೀನೇ ಕಾಣ್ತದರಿ,” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೋದ ವಾರ ಜಗದೇವ ಮಾಸ್ತರರು ಮುಂದಿನ ವರ್ಷದ ಪ್ರಶ್ನೆಪತ್ರಿಕೆ ತಯಾರಿಸಲು ನನಗೇ ಹೇಳಿದರು. ಕ್ಯಾಲೆಂಡರಿನ ಹಾಳೆ ಇನ್ನೂ ಹಾಜರಿ ಪುಸ್ತಕದಲ್ಲೇ ಇತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡೇ ಕುಳಿತು ಒಂಬತ್ತು ಪ್ರಶ್ನೆಗಳನ್ನು ಹೊಸದಾಗಿ ಬರೆದೆ. ಹತ್ತನೆಯದನ್ನು ಹಾಗೆಯೇ ಇಟ್ಟೆ.